ಮೊದಲ ಮ್ಯಾರಥಾನ್: ಟೆಕ್ಸಾಸಿನ ಸೆಕೆಯಲ್ಲಿ ತಯಾರಿ

ಟೆಕ್ಸಾಸಿನ ಮೂರು ದೊಡ್ಡ ಊರುಗಳ ಮ್ಯಾರಥಾನ್‌ಗಳೂ ಚಳಿಗಾಲದಲ್ಲೇ ನಡೆಯುತ್ತವೆ. ಡಲ್ಲಾಸ್‌ನದು ಡಿಸೆಂಬರ್‌ನಲ್ಲಿ, ಹ್ಯೂಸ್ಟನ್‌ನದು ಜನವರಿ ನಡುವಿಗೆ, ಆಸ್ಟಿನ್‌ನದು ಫೆಬ್ರವರಿಯಲ್ಲಿ. ಹೊಸಬರ ತಯಾರಿಗೆ ಸಾಮಾನ್ಯವಾಗಿ 18 ವಾರ ಹಿಡಿಯುತ್ತದೆ. ಹಿಂದಕ್ಕೆ ಎಣಿಸಿ ನೋಡಿ: ಡಲ್ಲಾಸ್‌ಗೆ ಹೆಸರು ಕೊಟ್ಟವರು ಆಗಸ್ಟ್‌ನಲ್ಲೇ, ಮಧ್ಯಾಹ್ನದ ಬಿಸಿಲು 38 ಡಿಗ್ರಿ ಮುಟ್ಟುವ ದಿನಗಳಲ್ಲೇ ಶೂ ಕಟ್ಟಬೇಕು. ಹ್ಯೂಸ್ಟನ್‌ನವರಿಗೆ ಸೆಪ್ಟೆಂಬರ್, ಆಸ್ಟಿನ್‌ನವರಿಗೆ ಅಕ್ಟೋಬರ್. ಅದಕ್ಕೂ ಮೊದಲು ಒಂದೆರಡು ತಿಂಗಳು ಸುಮ್ಮನೆ ಓಡಿ ಕಾಲು ಪಳಗಿಸಿಕೊಂಡಿರಬೇಕು. ಹಾಗಾಗಿ ಯಾವ ಊರಿನ ಓಟಕ್ಕೆ ಹೆಸರು ಕೊಟ್ಟರೂ ಬೇಸಿಗೆ ತಪ್ಪಿದ್ದಲ್ಲ. ಓಟದ ದಿನದ ಸಂಭ್ರಮದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಈ ಅಧ್ಯಾಯದಲ್ಲಿ ಹೆಚ್ಚು ಜಾಗ ಸೆಕೆಗೆ.

ಇಲ್ಲಿನ ಭಾರತೀಯರಲ್ಲಿ ಹಲವರು ಓಟಕ್ಕೆ ಬಂದದ್ದು ಸೇವೆಯ ದಾರಿಯಿಂದ. 1991ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳು ಕಟ್ಟಿದ 'ಆಶಾ ಫಾರ್ ಎಜುಕೇಶನ್' ಭಾರತದ ಬಡ ಮಕ್ಕಳ ಓದಿಗೆ ಹಣ ಕೂಡಿಸುವ ಸಂಸ್ಥೆ. ಅದರ 'ಟೀಮ್ ಆಶಾ' ಹೊಸಬರನ್ನು ಮ್ಯಾರಥಾನ್‌ಗೆ ತಯಾರು ಮಾಡುತ್ತದೆ, ಅವರು ಗೆಳೆಯರು, ಸಹೋದ್ಯೋಗಿಗಳಿಂದ ದೇಣಿಗೆ ತರುತ್ತಾರೆ. ಊರಲ್ಲಿ ಎಂದೂ ಮೈದಾನಕ್ಕಿಳಿಯದೆ, ಎಂಜಿನಿಯರಿಂಗ್ ಮುಗಿಸಿ ಇಲ್ಲಿಗೆ ಬಂದು, ನಲವತ್ತರ ಹತ್ತಿರ ಮೊದಲ ಬಾರಿ ಓಟದ ಶೂ ಕೊಂಡವರಿಗೆ ಇಂಥ ಗುಂಪು ದೊಡ್ಡ ಆಸರೆ. ದೇಣಿಗೆ ಕೊಟ್ಟವರು 'ಎಲ್ಲಿಗೆ ಬಂತು ಓಟ?' ಎಂದು ಕೇಳುತ್ತಲೇ ಇರುತ್ತಾರೆ, ನಡುವೆ ಕೈಬಿಡಲು ನಾಚಿಕೆಯಾಗುತ್ತದೆ. ಈ ನಾಚಿಕೆಯೂ ತಯಾರಿಯ ಒಂದು ಭಾಗವೇ ಎಂದು ನನ್ನ ಅನಿಸಿಕೆ.

ಮೂರು ಊರಿನ ಬಿಸಿಯೂ ಒಂದೇ ಬಗೆಯದಲ್ಲ. ಹ್ಯೂಸ್ಟನ್‌ನದು ಮಂಗಳೂರಿನ ಸೆಕೆ, ಡಲ್ಲಾಸ್‌ನದು ಹೆಚ್ಚುಕಡಿಮೆ ರಾಯಚೂರಿನ ಬಿಸಿಲು. ಆಗಸ್ಟ್‌ನ ಶನಿವಾರ ಬೆಳಗಿನ ಐದು ಗಂಟೆಗೆ ಹ್ಯೂಸ್ಟನ್‌ನ ಮೆಮೋರಿಯಲ್ ಪಾರ್ಕಿಗೆ ಹೋದರೆ, ಇನ್ನೂ ಕತ್ತಲಿದ್ದರೂ ತಾಪ 25 ಡಿಗ್ರಿಯ ಆಸುಪಾಸು, ಗಾಳಿ ಒದ್ದೆ ಬಟ್ಟೆಯಂತೆ ಮೈಗೆ ಅಂಟುತ್ತದೆ. ಸುಮಾರು ಮೂರು ಮೈಲಿಯ ಅಲ್ಲಿನ ಮಣ್ಣುಹಾದಿಯನ್ನು ಒಂದು ಸುತ್ತು ಹಾಕುವಷ್ಟರಲ್ಲಿ ಶರ್ಟಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತದೆ, ಇನ್ನೆರಡು ಸುತ್ತಿಗೆ ಸಾಕ್ಸ್ ಪಚಪಚ ಎನ್ನುತ್ತದೆ. ಕಪ್ಪು ಟೋಪಿ ಒಣಗಿದ ಮೇಲೆ ಅಂಚಿನ ಸುತ್ತ ಬಿಳಿ ಉಪ್ಪಿನ ಗೆರೆ ಉಳಿಯುತ್ತದೆ.

ಇದರ ಹಿಂದಿನ ಲೆಕ್ಕ ಗೊತ್ತಿದ್ದರೆ ಓಡುವವರಿಗೆ ಅರ್ಧ ಚಿಂತೆ ಕಡಿಮೆ. ಓಡುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಬರೀ ಶಾಖವಾಗುತ್ತದೆ. ಅದನ್ನು ಹೊರಹಾಕುವ ಮುಖ್ಯ ದಾರಿ ಬೆವರು. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ಆದರೆ ಆವಿಯಾಗಬೇಕು. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಮೈ ತಂಪಾಗುವುದಿಲ್ಲ, ನೀರು ಉಪ್ಪು ನಷ್ಟವಾಗುವುದಷ್ಟೇ ಬಂತು. ತೇವ ತುಂಬಿದ ಗಾಳಿಯಲ್ಲಿ ಆಗುವುದು ಇದೇ. ದೇಹ ರಕ್ತವನ್ನು ಚರ್ಮದ ಕಡೆಗೆ ಹೆಚ್ಚು ಕಳಿಸುತ್ತದೆ, ಸ್ನಾಯುಗಳಿಗೂ ಒದಗಿಸಬೇಕಾದ್ದರಿಂದ ಹೃದಯ ಬೇಗ ಬೇಗ ಬಡಿಯುತ್ತದೆ. ಜನವರಿಯಲ್ಲಿ ಹರಟುತ್ತಾ ಓಡುವ ವೇಗದಲ್ಲೇ ಆಗಸ್ಟ್‌ನಲ್ಲಿ ಏದುಸಿರು ಬರುವುದು ಈ ಕಾರಣಕ್ಕೆ.

ಹೊಸಬರು ಎಡವುವುದೂ ಇಲ್ಲೇ. ಗಡಿಯಾರದಲ್ಲಿ ಮೈಲಿಗೆ ಇಷ್ಟು ನಿಮಿಷ ಎಂದು ನೋಡಿ, ನಿಧಾನವಾಯಿತೆಂದು ಕಂಗೆಟ್ಟು ಜೋರು ಮಾಡುತ್ತಾರೆ. ಬೇಸಿಗೆಯಲ್ಲಿ ಗಡಿಯಾರವನ್ನು ಮನೆಯಲ್ಲೇ ಬಿಟ್ಟರೂ ನಷ್ಟವಿಲ್ಲ; ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯೇ ಎಂದು ನೋಡಿಕೊಂಡರೆ ಸಾಕು. ಆಗದಿದ್ದರೆ ನಡೆಯಿರಿ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಜೆಫ್ ಗ್ಯಾಲೊವೇ ಸುಸ್ತಾಗುವ ಮೊದಲೇ ನಡುನಡುವೆ ನಡೆಯುವ ಪದ್ಧತಿಯನ್ನೇ ಹೊಸಬರಿಗೆ ಕಲಿಸಿದವರು, ಅದರಲ್ಲಿ ಅವಮಾನವೇನಿಲ್ಲ. ಹತ್ತು ಹದಿನಾಲ್ಕು ದಿನ ಹೀಗೆ ಸೆಕೆಯಲ್ಲಿ ಓಡಿದರೆ ದೇಹ ಒಗ್ಗಿಕೊಳ್ಳುತ್ತದೆ: ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಬರುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಆದರೆ ತಲೆ ತಿರುಗಿ ಮಾತು ತೊದಲಿದರೆ ಅದು ಒಗ್ಗುವಿಕೆಯಲ್ಲ, ಅಪಾಯ. ಅಲ್ಲಿಗೆ ನಿಲ್ಲಿಸಿ, ಮೈಮೇಲೆ ತಣ್ಣೀರು ಸುರಿದು, 911ಕ್ಕೆ ಕರೆ ಮಾಡಬೇಕು.

ನೀರು ಎಷ್ಟು ಕುಡಿಯಬೇಕು? ಬಾಯಾರಿದಷ್ಟು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಮಟ್ಟ ಇಳಿದಿತ್ತು. ಓಟದ ಹೊತ್ತಿನಲ್ಲಿ ಅತಿಯಾಗಿ ಕುಡಿದು ಮೈತೂಕ ಏರಿಸಿಕೊಂಡವರಲ್ಲೇ ಇದು ಹೆಚ್ಚು. ನಾಲ್ಕೈದು ಗಂಟೆಗೂ ಮೀರಿ ಓಡುವ ಹೊಸಬರು ದಾರಿಯಲ್ಲಿ ನೀರಿಟ್ಟ ಪ್ರತಿ ಮೇಜಿನ ಲೋಟವನ್ನೂ ಖಾಲಿ ಮಾಡುತ್ತಾ ಹೋದರೆ ಇದೇ ಅಪಾಯ.

ಶನಿವಾರದ ಉದ್ದದ ಓಟ ವಾರದಿಂದ ವಾರಕ್ಕೆ ಬೆಳೆಯುತ್ತಾ, ಓಟಕ್ಕೆ ಮೂರು ವಾರವಿರುವಾಗ 20 ಮೈಲಿ, ಅಂದರೆ 32 ಕಿಲೋಮೀಟರಿಗೆ ಮುಟ್ಟಿ, ಅಲ್ಲಿಂದ ಇಳಿಯುತ್ತದೆ. ಪೂರ್ತಿ 42.195 ಕಿಲೋಮೀಟರ್ ಮೊದಲೇ ಓಡಿಸುವುದಿಲ್ಲ, ಅದರಿಂದ ಬರುವ ಆಯಾಸ ತೀರುವಷ್ಟರಲ್ಲಿ ಓಟದ ದಿನವೇ ಬಂದಿರುತ್ತದೆ. ಉಳಿದ ಹತ್ತು ಕಿಲೋಮೀಟರೇ ಕಷ್ಟದ್ದು. ಓಡಲು ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲರಿ ಬೇಕು. 65 ಕಿಲೋ ತೂಗುವವರಿಗೆ ಒಟ್ಟು 2,700. ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಕೂಡಿಟ್ಟ ಗ್ಲೈಕೋಜನ್‌ನಿಂದ ಸಿಗುವುದು ಸುಮಾರು 2,000. ಕೊರತೆಯನ್ನು ಕೊಬ್ಬು ತುಂಬುತ್ತದೆ, ಆದರೆ ನಿಧಾನವಾಗಿ. ಆದ್ದರಿಂದಲೇ 30 ಕಿಲೋಮೀಟರ್ ಸುಮಾರಿಗೆ ಕಾಲು ಸೀಸವಾಗುವುದು. ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಒಳಗೆ ಹೋಗುತ್ತಿರಬೇಕು. ಓಟಗಾರರು ನುಂಗುವ ಸಕ್ಕರೆಯ ಜೆಲ್ ಸೇರದಿದ್ದರೆ ಬೀಜ ತೆಗೆದ ಖರ್ಜೂರ ಆಗುತ್ತದೆ. ಕಡಲೆ ಚಿಕ್ಕಿ ಬೇಡ, ಓಡುತ್ತಾ ಜಗಿಯಲಾಗದು. ಹಿಂದಿನ ರಾತ್ರಿಗೆ ನಮ್ಮ ಮೊಸರನ್ನ, ಜೊತೆಗೆ ಉಪ್ಪಿನಕಾಯಿ, ಯಾವ ಪಾಸ್ತಾಕ್ಕೂ ಕಡಿಮೆಯಲ್ಲ. ಹಾಲು ಮೊಸರು ಒಗ್ಗದವರನ್ನು ಬಿಟ್ಟು ಮಾತಾಡುತ್ತಿದ್ದೇನೆ.

ಮೊದಲ ಬಾರಿಗೆ ಯಾವುದನ್ನು ಆರಿಸಿಕೊಳ್ಳಬೇಕೆಂದು ಕೇಳಿದರೆ ನನ್ನ ಮತ ಹ್ಯೂಸ್ಟನ್‌ಗೆ. 1972ರಲ್ಲಿ ಮೆಮೋರಿಯಲ್ ಪಾರ್ಕಿನಲ್ಲಿ ಶುರುವಾದ ಆ ಓಟದ ದಾರಿ ಬಹುಪಾಲು ಸಮತಟ್ಟು. 2012ರಲ್ಲಿ ಅಮೆರಿಕದ ಒಲಿಂಪಿಕ್ ಆಯ್ಕೆ ಓಟವೂ ಹ್ಯೂಸ್ಟನ್‌ನಲ್ಲೇ ನಡೆಯಿತು. ಆಸ್ಟಿನ್‌ನ ತಯಾರಿಗೆ ತಂಪು ಕಾಲ ಸಿಗುತ್ತದೆ, ಲೇಡಿ ಬರ್ಡ್ ಕೆರೆಯ ಸುತ್ತಲ ಹತ್ತು ಮೈಲಿಯ ಹಾದಿ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಓಟದ ದಿನ ಏರಿಳಿತ ಹೆಚ್ಚು. ಡಲ್ಲಾಸ್‌ನದು 1971ರಲ್ಲಿ ವೈಟ್ ರಾಕ್ ಹೆಸರಿನಲ್ಲಿ ಆರಂಭವಾದದ್ದು. ವೈಟ್ ರಾಕ್ ಕೆರೆಯ ಸುತ್ತಿನ ಒಂಬತ್ತು ಮೈಲಿಗಿಂತ ತುಸು ಹೆಚ್ಚಿನ ಹಾದಿಯಲ್ಲಿ ವರ್ಷವಿಡೀ ಓಡುವವರು ಕಾಣುತ್ತಾರೆ. ಅಲ್ಲಿನ ತೊಂದರೆ ಬೇರೆ. 2013ರ ಡಿಸೆಂಬರ್ 8ರ ಓಟಕ್ಕೆ ಆಗಸ್ಟ್‌ನ ಬಿಸಿಲಿನಿಂದ ಬೆವರು ಸುರಿಸಿದವರು ಕೊನೆಗೆ ಮನೆಯಲ್ಲೇ ಕೂತರು: ಹಿಮಗಡ್ಡೆಯ ಬಿರುಗಾಳಿಗೆ ರಸ್ತೆಗಳೆಲ್ಲ ಗಾಜಿನಂತಾಗಿ ಓಟವೇ ರದ್ದಾಯಿತು.