ಘಾಟಿ ಬಂದಾಗ ಗುಂಪು ಬಿಚ್ಚಿಕೊಳ್ಳಲಿ

ಶನಿವಾರ ನಸುಕಿನಲ್ಲಿ ನೆಲಮಂಗಲದ ಆಚೆಯ ಪೆಟ್ರೋಲ್ ಬಂಕುಗಳಲ್ಲಿ ಬೈಕುಗಳ ಸಾಲು ನಿಂತಿರುತ್ತದೆ. ಹಾಸನ, ಬೇಲೂರು, ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುವವರು ಅವರಲ್ಲಿ ಬೇಕಾದಷ್ಟು ಮಂದಿ. ಸುಮಾರು 250 ಕಿ.ಮೀ. ಓಡಿಸಿ ಬಂದದ್ದೇ ಆ ಘಾಟಿಗಾಗಿ. ತೊಂದರೆ ಕಾದಿರುವುದೂ ಅಲ್ಲೇ. ಹೆದ್ದಾರಿಯಲ್ಲಿ ಹತ್ತು ಬೈಕುಗಳನ್ನು ಒಟ್ಟಿಗಿಡುವ ಶಿಸ್ತನ್ನೇ ಘಾಟಿಗೂ ಹೊತ್ತುಕೊಂಡು ಹೋಗುವ ಗುಂಪುಗಳು ಬಹಳ. ಘಾಟಿಯ ಶಿಸ್ತು ಬೇರೆ. ಅಲ್ಲಿ ಗುಂಪು ಬಿಚ್ಚಿಕೊಳ್ಳಬೇಕು, ಇಳಿದ ಮೇಲೆ ಕೂಡಿಕೊಳ್ಳಬೇಕು.

ಮೊದಲು ಹೆದ್ದಾರಿಯ ಲೆಕ್ಕ. ಮುಂದೆ ದಾರಿ ಬಲ್ಲ ಲೀಡ್, ಕಟ್ಟಕಡೆಗೆ ಸ್ವೀಪ್. ಹೊಸಬರು ಲೀಡ್‌ನ ಬೆನ್ನಿಗೇ ಇರಬೇಕು, ಬಾಲದಲ್ಲಿ ಅಲ್ಲ. ಮುಂದಿನವರು ಸ್ವಲ್ಪ ನಿಧಾನಿಸಿ ಮತ್ತೆ ವೇಗ ಹಿಡಿದರೂ ಸಾಲಿನ ಕೊನೆಯವರು ಅಂತರ ಮುಚ್ಚಲು ಜೋರಾಗಿ ಓಡಿಸಬೇಕಾಗುತ್ತದೆ. ಆದ್ದರಿಂದ ಸ್ವೀಪ್ ಗುಂಪಿನ ಅತ್ಯಂತ ನುರಿತ ಸವಾರನಾಗಿರಬೇಕು; ಪಂಕ್ಚರ್ ಕಿಟ್, ಪ್ರಥಮ ಚಿಕಿತ್ಸೆಯ ಡಬ್ಬಿ ಅವನ ಬಳಿಯೇ ಇರಬೇಕು. ನಡುವಿನವರು ಒಂದೇ ಲೇನಿನಲ್ಲಿ ಒಬ್ಬರು ಬಲಕ್ಕೆ, ಮುಂದಿನವರು ಎಡಕ್ಕೆ, ಹೀಗೆ ಅಂಕುಡೊಂಕು ಸಾಲು ಹಿಡಿಯುತ್ತಾರೆ. ಓರೆಯಾಗಿ ಮುಂದಿರುವವರಿಗೂ ನಿಮಗೂ ಒಂದು ಸೆಕೆಂಡಿನ ಅಂತರ, ನೇರ ಮುಂದಿರುವವರಿಗೆ ಎರಡು ಸೆಕೆಂಡು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಅಂದರೆ 33 ಮೀಟರ್. ಕಣ್ಣಳತೆಗೆ ಇದು ದುಂದು ಅನ್ನಿಸುತ್ತದೆ. ಅಲ್ಲ.

ಕೊಟ್ಟಿಗೆಹಾರದಲ್ಲಿ ಎಲ್ಲರೂ ನಿಲ್ಲಬೇಕು. ತಿಂಡಿಗಾಗಿ ಮಾತ್ರವಲ್ಲ, ತಲೆ ಎಣಿಸಿಕೊಳ್ಳಲಿಕ್ಕೆ. ಇಲ್ಲಿಂದ ಮುಂದೆ ಒಬ್ಬರ ಹಿಂದೆ ಒಬ್ಬರು, ಒಂಟಿ ಸಾಲು. ತಿರುವಿನಲ್ಲಿ ಸವಾರನಿಗೆ ಲೇನಿನ ಪೂರ್ತಿ ಅಗಲ ಬೇಕಾಗುತ್ತದೆ, ಪಕ್ಕದಲ್ಲಿ ಇನ್ನೊಂದು ಚಕ್ರ ಇರಬಾರದು. ಎರಡನೆಯ ನಿಯಮ ಇನ್ನೂ ಮುಖ್ಯ: ಮುಂದಿನವರನ್ನು ಹಿಡಿಯುವ ಹೊಣೆ ಯಾರ ಮೇಲೂ ಇಲ್ಲ. ಅವರು ಕಣ್ಮರೆಯಾದರೂ ಚಿಂತೆಯಿಲ್ಲ, ಏಕೆಂದರೆ ಕವಲು ಬಂದಲ್ಲಿ ಯಾರೋ ಕಾಯುತ್ತಿರುತ್ತಾರೆ. ಇದಕ್ಕೊಂದು ಸುಲಭದ ಪದ್ಧತಿ ಇದೆ. ದಾರಿ ಕವಲೊಡೆಯುವ ಕಡೆ ಲೀಡ್‌ನ ಹಿಂದಿದ್ದ ಎರಡನೆಯ ಸವಾರ ಬದಿಗೆ ನಿಂತು ಬಂದವರಿಗೆಲ್ಲ ದಾರಿ ತೋರಿಸುತ್ತಾನೆ. ಸ್ವೀಪ್ ಬಂದ ಮೇಲೆ ಅವನ ಮುಂದೆ ಸೇರಿಕೊಳ್ಳುತ್ತಾನೆ. ಮುಂದಿನ ಕವಲಿಗೆ ಆಗ ಎರಡನೆಯವನಾಗಿರುವವನ ಸರದಿ. ಫೋನ್ ಬೇಡ, ಇಂಟರ್‌ಕಾಮ್ ಬೇಡ. ಘಾಟಿಯಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗೂ ಇಲ್ಲ.

ಈಗ ತಿರುವಿನ ವಿಷಯ. 20 ಮೀಟರ್ ತ್ರಿಜ್ಯದ ಒಂದು ಹೇರ್‌ಪಿನ್ ಇದೆ ಎಂದುಕೊಳ್ಳಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಅದನ್ನು ತಿರುಗಲು ಬೈಕು ಸುಮಾರು 20 ಡಿಗ್ರಿ ವಾಲಿದರೆ ಸಾಕು. 40ಕ್ಕೆ 32 ಡಿಗ್ರಿ ಬೇಕು. 50ಕ್ಕೆ 44. ಅಷ್ಟು ವಾಲುವ ಮೊದಲೇ ಸಾಮಾನ್ಯ ಕ್ರೂಸರ್ ಬೈಕಿನ ಫುಟ್‌ರೆಸ್ಟ್ ಡಾಂಬರು ಕೆರೆಯುತ್ತಿರುತ್ತದೆ. ತಿರುಗಲು ಬೇಕಾದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಮುಳ್ಳು ಹತ್ತೇ ಕಿಲೋಮೀಟರ್ ಸರಿದರೂ ಇಷ್ಟೊಂದು ವ್ಯತ್ಯಾಸ. ಬ್ರೇಕನ್ನೂ ಗೇರನ್ನೂ ತಿರುವಿಗೆ ಮೊದಲೇ, ಬೈಕು ನೆಟ್ಟಗಿರುವಾಗಲೇ ಮುಗಿಸಬೇಕೆನ್ನುವುದು ಇದಕ್ಕೇ. 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ, ನಿಜ. ಆದರೆ ಸಾಮಾನ್ಯ ಎಬಿಎಸ್‌ಗೆ ಬೈಕು ಎಷ್ಟು ವಾಲಿದೆ ಎಂಬುದು ಗೊತ್ತಾಗುವುದಿಲ್ಲ. ಅದನ್ನು ನಂಬಿ ತಿರುವಿನ ನಡುವೆ ಬ್ರೇಕ್ ಅದುಮುವುದು ದಡ್ಡತನ.

ಕಣ್ಣು ಹೋದ ಕಡೆಗೆ ಬೈಕು ಹೋಗುತ್ತದೆ. ಗಾಬರಿಯಾದವರು ತಡೆಗೋಡೆಯನ್ನೇ ದಿಟ್ಟಿಸುತ್ತಾರೆ, ಸೀದಾ ಅದಕ್ಕೇ ಹೋಗಿ ತಾಗುತ್ತಾರೆ. ಗದ್ದ ತಿರುಗಿಸಿ ತಿರುವಿನಾಚೆಯ ರಸ್ತೆ ನೋಡಬೇಕು.

ಬಲ ತಿರುವಿನಲ್ಲಿ ಇನ್ನೊಂದು ಮೋಸವಿದೆ. ಚಕ್ರಗಳು ನಡುಗೆರೆಯ ಈಚೆಗೇ ಇದ್ದರೂ ವಾಲಿದ ಸವಾರನ ತಲೆ ಗೆರೆ ದಾಟಿ ಎದುರಿನವರ ಲೇನಿನಲ್ಲಿರುತ್ತದೆ. ಎದುರಿಗೆ ಬರುವುದು ಕೆಂಪು ಬಸ್ಸು. ಹೇರ್‌ಪಿನ್ ತಿರುಗಲು ಬಸ್ಸಿಗೆ ರಸ್ತೆಯ ಅಷ್ಟೂ ಅಗಲ ಬೇಕು; ಅದು ಚಾಲಕನ ಅಹಂಕಾರವಲ್ಲ, ಗಾಡಿಯ ಉದ್ದ. ಘಾಟಿಯ ಒಂದು ಅನುಕೂಲವೆಂದರೆ ಮರಗಳ ಸಂದಿಯಿಂದ ಕೆಳಗಿನ ಸುತ್ತು ಆಗಾಗ ಕಾಣುತ್ತದೆ. ಬಸ್ಸು ಏರಿ ಬರುವುದು ಕಂಡರೆ ತಿರುವಿಗೆ ಮೊದಲೇ ಎಡಕ್ಕೆ ನಿಂತುಬಿಡಿ. ಕಡಿದಾದ ರಸ್ತೆಯಲ್ಲಿ ಏರುವವರಿಗೆ ಇಳಿಯುವವರು ದಾರಿ ಬಿಡಬೇಕೆಂದು ನಿಯಮವೂ ಹೇಳುತ್ತದೆ. ಹತ್ತು ಬೈಕುಗಳ ಗುಂಪಿಗೆ ಅದರಿಂದ ವಿನಾಯಿತಿಯಿಲ್ಲ.

ಇಳಿಯುವಾಗ ಎರಡನೆಯ ಗೇರು. ಕ್ಲಚ್ ಹಿಡಿದು ಜಾರಿಬಿಟ್ಟರೆ ಪೆಟ್ರೋಲ್ ಉಳಿಯುತ್ತದೆಂದು ನಂಬಿದವರು ಇನ್ನೂ ಇದ್ದಾರೆ. ಎಂಜಿನ್ ತಡೆಯಬೇಕಾದ ವೇಗವನ್ನೆಲ್ಲ ಆಗ ಬ್ರೇಕೇ ನುಂಗಬೇಕು. ಡಿಸ್ಕ್ ಕಾಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಹಳತಾಗಿದ್ದರೆ ಆ ಕಾವಿಗೆ ಕುದಿದು ಗುಳ್ಳೆಯೇಳುತ್ತದೆ, ಲಿವರ್ ಹಿಡಿಗೆ ಬಂದು ಮುಟ್ಟುತ್ತದೆ. ಹೊರಡುವ ಹಿಂದಿನ ವಾರ ಮೆಕ್ಯಾನಿಕ್‌ಗೆ ತೋರಿಸಬೇಕಾದದ್ದು ಚೈನು ಟೈರು ಅಷ್ಟೇ ಅಲ್ಲ, ಇದನ್ನೂ.

ಮಳೆಗಾಲದ ಚಾರ್ಮಾಡಿ ಚೆಂದ, ಒಪ್ಪಿದೆ. ಆದರೆ ನೆರಳಿನ ತಿರುವುಗಳಲ್ಲಿ ಪಾಚಿ, ಕೊಳೆತ ಎಲೆ, ಮೇಲಿಂದ ಹರಿದುಬಂದ ಕೆಸರು ಇರುತ್ತವೆ. ತುಂಬಿದ ಟ್ಯಾಂಕಿನ ಲಾರಿಗಳು ಚೆಲ್ಲಿದ ಡೀಸೆಲ್ ವಾಸನೆಯಿಂದಲೇ ಗೊತ್ತಾಗುತ್ತದೆ. ಮೂಗಿಗೆ ಬಡಿದೊಡನೆ ವೇಗ ಇಳಿಸಿ. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಈ ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಮಳೆ ಜೋರಿದ್ದಾಗ ಸಂಚಾರ ಇದೆಯೇ ಎಂದು ಜಿಲ್ಲಾಡಳಿತದ ಪ್ರಕಟಣೆ ನೋಡದೆ ಬೆಂಗಳೂರು ಬಿಡಬಾರದು. ಜಲಪಾತದ ಮುಂದೆ ತಿರುವಿನಲ್ಲೇ ಬೈಕು ನಿಲ್ಲಿಸಿ ಸೆಲ್ಫಿ ತೆಗೆಯುವವರ ಬಗ್ಗೆ ಬರೆದು ಪ್ರಯೋಜನವಿಲ್ಲ.

ಕೆಳಗೆ ಚಾರ್ಮಾಡಿ ಊರಿನಲ್ಲಿ ಮತ್ತೆ ಎಣಿಕೆ. ಸ್ವೀಪ್ ಬರದೆ ಹದಿನೈದು ನಿಮಿಷವಾದರೆ ಇಬ್ಬರು ಮಾತ್ರ ಹಿಂದಕ್ಕೆ ಏರಬೇಕು, ಮಿಕ್ಕವರು ಅಲ್ಲೇ ಇರಬೇಕು. ಎಲ್ಲರೂ ಒಟ್ಟಿಗೆ ತಿರುಗಿದರೆ ಯಾರು ಯಾರನ್ನು ಹುಡುಕುತ್ತಿದ್ದಾರೆಂಬುದೇ ತಿಳಿಯದು. ಬಿದ್ದವರು ಸಿಕ್ಕರೆ ಹೆಲ್ಮೆಟ್ ಎಳೆದು ತೆಗೆಯಬಾರದು, ಎತ್ತಿ ಕೂರಿಸಬಾರದು. ಒಬ್ಬ ಬಳಿಯಲ್ಲಿರಲಿ, ಇನ್ನೊಬ್ಬ ಮೇಲಿನ ತಿರುವಿನಲ್ಲಿ ನಿಂತು ಬರುವ ಗಾಡಿಗಳನ್ನು ತಡೆಯಲಿ. ಸಿಗ್ನಲ್ ಇಲ್ಲದಿದ್ದರೆ ಇಳಿಯುತ್ತಿರುವ ಯಾವುದಾದರೂ ಗಾಡಿಯವರಲ್ಲಿ ಕೆಳಗಿರುವ ಗೆಳೆಯರಿಗೆ ಸುದ್ದಿ ಹೇಳಿ ಕಳಿಸಿ. 108ಕ್ಕೋ 112ಕ್ಕೋ ಕರೆ ಮಾಡುವುದು ಅವರ ಕೆಲಸ. ಯಾವ ತಿರುವು, ಯಾವ ಕಿಲೋಮೀಟರ್ ಕಲ್ಲಿನ ಹತ್ತಿರ ಎಂಬುದನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಒಳ್ಳೆಯದು.