ಸೆಲ್ಯೂಟ್ ಯಾರಿಗೆ, ಸಮವಸ್ತ್ರ ಯಾರದು?

2015ರ ಜನವರಿ 26. ದೆಹಲಿಯಲ್ಲಿ ಗಣರಾಜ್ಯೋತ್ಸವದ ಪೆರೇಡ್. ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ ಅಂದಿನ ಮುಖ್ಯ ಅತಿಥಿ. ಅಂದು ತೆಗೆದ ಛಾಯಾಚಿತ್ರವೊಂದರಲ್ಲಿ ರಾಷ್ಟ್ರಪತಿ, ಪ್ರಧಾನಿ ಹಾಗೂ ರಕ್ಷಣಾ ಸಚಿವರು ಕೈಯೆತ್ತಿ ಸೆಲ್ಯೂಟ್ ಮಾಡುತ್ತಿದ್ದರೆ, ಉಪರಾಷ್ಟ್ರಪತಿ ಹಮೀದ್ ಅನ್ಸಾರಿ ಕೈ ಇಳಿಬಿಟ್ಟು ನೆಟ್ಟಗೆ ನಿಂತಿದ್ದರು. ಚಿತ್ರ ದೇಶವೆಲ್ಲ ಹರಡಿತು. ಉಪರಾಷ್ಟ್ರಪತಿ ಧ್ವಜಕ್ಕೆ ಅವಮಾನ ಮಾಡಿದರೆಂಬ ಕೂಗೆದ್ದಿತು.

ಕೊನೆಗೆ ಅವರ ಕಚೇರಿಯೇ ವಿವರಣೆ ಕೊಡಬೇಕಾಯಿತು. ಸಮಾರಂಭದ ಪ್ರಧಾನ ಗಣ್ಯರು ಹಾಗೂ ಸಮವಸ್ತ್ರದಲ್ಲಿರುವವರು ಸೆಲ್ಯೂಟ್ ಮಾಡಬೇಕು. ಸಾಮಾನ್ಯ ಉಡುಪಿನಲ್ಲಿರುವ ಉಳಿದವರು ಸಾವಧಾನ ಭಂಗಿಯಲ್ಲಿ ನಿಂತರೆ ಸಾಕು ಎಂಬುದು ಆ ವಿವರಣೆಯ ತಿರುಳು. ಭಾರತದ ಧ್ವಜ ಸಂಹಿತೆ, 2002 ಕೂಡ ಇದನ್ನೇ ಹೇಳುತ್ತದೆ. ಧ್ವಜಾರೋಹಣದ ವೇಳೆ ಎಲ್ಲರೂ ಧ್ವಜಕ್ಕೆ ಮುಖಮಾಡಿ ಸಾವಧಾನವಾಗಿ ನಿಲ್ಲಬೇಕು, ಸಮವಸ್ತ್ರದಲ್ಲಿರುವವರು ತಕ್ಕ ರೀತಿಯಲ್ಲಿ ವಂದಿಸಬೇಕು. ಶಾಲೆಯ ಮೈದಾನದಲ್ಲಿ ಡ್ರಿಲ್ ಮೇಷ್ಟ್ರು 'ಸಾವಧಾನ್' ಎಂದು ಕೂಗಿ ಕಲಿಸಿದ್ದು ಇದನ್ನೇ. ಆದರೂ ಕೈ ಎತ್ತಿದವನೇ ದೇಶಭಕ್ತ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಇಂಥ ತಪ್ಪು ತಿಳಿವಳಿಕೆಗಳು ಇನ್ನೂ ಹಲವು ಇವೆ. ಸಿಪಾಯಿ ಅಧಿಕಾರಿಗೆ ಸೆಲ್ಯೂಟ್ ಹೊಡೆಯುವುದು ಆಳು ಧಣಿಗೆ ಕೈಮುಗಿದಂತೆ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಆ ವಂದನೆ ವ್ಯಕ್ತಿಗಲ್ಲ. ರಾಷ್ಟ್ರಪತಿಗಳು ಆ ಅಧಿಕಾರಿಗೆ ನೀಡಿರುವ ಕಮಿಷನ್‌ಗೆ, ಅಂದರೆ ಅಧಿಕಾರಪತ್ರಕ್ಕೆ. ಅದಕ್ಕೇ ಸೆಲ್ಯೂಟ್ ಸ್ವೀಕರಿಸಿದ ಅಧಿಕಾರಿ ಮರಳಿ ಸೆಲ್ಯೂಟ್ ಮಾಡಲೇಬೇಕು. ಅದು ಕೃಪೆಯಲ್ಲ, ಕರ್ತವ್ಯ.

ಸಿನಿಮಾದ ನಾಯಕ ಬರಿದಲೆಯಲ್ಲಿ ಸೆಲ್ಯೂಟ್ ಹೊಡೆದಾಗ ಚಿತ್ರಮಂದಿರದಲ್ಲಿ ಚಪ್ಪಾಳೆ ಬೀಳುತ್ತದೆ. ಆದರೆ ನಮ್ಮ ಭೂಸೇನೆಯ ಸಂಪ್ರದಾಯದಲ್ಲಿ ತಲೆಯ ಮೇಲೆ ಟೋಪಿ ಇಲ್ಲದಿದ್ದರೆ ಕೈಯೆತ್ತುವ ಸೆಲ್ಯೂಟ್ ಇಲ್ಲ. ಸಾವಧಾನವಾಗಿ ನಿಂತೇ ಗೌರವ ತೋರಬೇಕು. ಸಿಖ್ ಸೈನಿಕನಿಗೆ ಪೇಟವೇ ಟೋಪಿಯ ಸಮಾನ. ಸೆಲ್ಯೂಟ್‌ಗೂ ಟೋಪಿಗೂ ಈ ನಂಟು ಹಳೆಯದು. ಹಿಂದೆ ಬ್ರಿಟಿಷ್ ಸೈನಿಕರು ಟೋಪಿ ತೆಗೆದು ವಂದಿಸುತ್ತಿದ್ದರು. ಟೋಪಿ ತೆಗೆಯದೆ ಕೈಯನ್ನು ಅದರ ಅಂಚಿಗೆ ತಾಗಿಸಿದರೆ ಸಾಕೆಂಬ ಸೂಚನೆ 1745ರ ಬ್ರಿಟಿಷ್ ಆದೇಶ ಪುಸ್ತಕವೊಂದರಲ್ಲಿ ಸಿಗುತ್ತದೆ.

ಮೂರೂ ಪಡೆಗಳ ಸೆಲ್ಯೂಟ್ ಒಂದೇ ಎಂಬುದೂ ಸರಿಯಲ್ಲ. ಭೂಸೇನೆಯಲ್ಲಿ ಅಂಗೈ ಎದುರಿನವರಿಗೆ ಪೂರ್ತಿ ಕಾಣುತ್ತದೆ. ನೌಕಾಪಡೆಯಲ್ಲಿ ಅಂಗೈ ಕೆಳಮುಖ. ಹಡಗಿನ ಕೆಲಸದಲ್ಲಿ ಕೀಲು ಮೆತ್ತಿದ ಕೈ ಕಾಣಬಾರದೆಂದು ಹೀಗೆ ಎಂಬ ಕಥೆಯೊಂದುಂಟು. ವಾಯುಪಡೆ 2006ರವರೆಗೆ ಭೂಸೇನೆಯ ಕ್ರಮವನ್ನೇ ಅನುಸರಿಸಿ, ಆ ವರ್ಷ ಅಂಗೈಯನ್ನು 45 ಡಿಗ್ರಿ ಕೋನದಲ್ಲಿ ಹಿಡಿಯುವ ನಡುದಾರಿಗೆ ಬದಲಾಯಿತು.

ಪತ್ರಿಕೆಯವರಾದ ನಮ್ಮದೂ ಒಂದು ತಪ್ಪಿದೆ. 'ನಿವೃತ್ತ ಮೇಜರ್' ಎಂದು ಬರೆದುಬಿಡುತ್ತೇವೆ. ನಿವೃತ್ತರಾಗುವುದು ಅಧಿಕಾರಿ, ಶ್ರೇಣಿಯಲ್ಲ ಎಂಬುದು ಸೇನೆಯ ನಿಲುವು. ಆದ್ದರಿಂದ ಮೊದಲು ಶ್ರೇಣಿ, ಬಳಿಕ ಹೆಸರು, ಕೊನೆಗೆ ಆವರಣದಲ್ಲಿ 'ನಿವೃತ್ತ' ಎಂದಿರಬೇಕು. ಫೀಲ್ಡ್ ಮಾರ್ಷಲ್‌ಗೆ ಆ ಪದವೂ ಸಲ್ಲದು, ಏಕೆಂದರೆ ಅದು ಆಜೀವ ಪದವಿ. ಕೊಡಗಿನ ಕೆ.ಎಂ. ಕಾರ್ಯಪ್ಪ 1953ರಲ್ಲಿ ಸೇನೆಯಿಂದ ನಿವೃತ್ತರಾಗಿದ್ದರು. 1986ರಲ್ಲಿ ಫೀಲ್ಡ್ ಮಾರ್ಷಲ್ ಆದ ಮೇಲೆ, 1993ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಪದವಿಯಲ್ಲೇ ಇದ್ದರು.

ಇಷ್ಟು ಶಿಷ್ಟಾಚಾರದ ಮಾತಾಯಿತು. ಸಮವಸ್ತ್ರದ ವಿಷಯಕ್ಕೆ ಬಂದರೆ ತಪ್ಪು ತಿಳಿವಳಿಕೆ ಪ್ರಾಣಕ್ಕೇ ಎರವಾಗಬಹುದು. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ಮಾಡಿದ ಉಗ್ರರು ಸೈನಿಕರ ಉಡುಪಿನಲ್ಲಿದ್ದರು. ಆ ಬಳಿಕ ಸೇನೆ, ತನ್ನ ಸಮವಸ್ತ್ರವನ್ನು ಹೋಲುವ ಬಟ್ಟೆ ತೊಡಬೇಡಿ ಎಂದು ಜನರನ್ನೂ, ಮಾರಬೇಡಿ ಎಂದು ಅಂಗಡಿಯವರನ್ನೂ ಕೋರಿತು. 2022ರ ಸೇನಾ ದಿನದಂದು ಹೊರಬಂದ ಹೊಸ ಯುದ್ಧ ಸಮವಸ್ತ್ರದ ವಿನ್ಯಾಸವನ್ನು ಅದೇ ವರ್ಷ ಸೇನೆಯ ಹೆಸರಿನಲ್ಲಿ ನೋಂದಾಯಿಸಿದ್ದರ ಹಿಂದೆಯೂ ಇದೇ ಆತಂಕವಿತ್ತು.

ಹಾಗಾದರೆ ಛದ್ಮವೇಷ ಸ್ಪರ್ಧೆಯಲ್ಲಿ ಸೈನಿಕನಾಗುವ ಮಗು ಅಪರಾಧಿಯೇ? ಖಂಡಿತ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ (ಹಿಂದಿನ ದಂಡ ಸಂಹಿತೆಯ 140) ನೋಡುವುದು ಉದ್ದೇಶವನ್ನು. ಸೈನಿಕನಲ್ಲದವನು, ತನ್ನನ್ನು ಸೈನಿಕನೆಂದು ಜನ ನಂಬಲಿ ಎಂದೇ ಅಂಥ ಉಡುಪು ತೊಟ್ಟರೆ ಮೂರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು. ಖಾಸಗಿ ಕಾವಲುಗಾರರಿಗೆ 2005ರ ಕಾಯ್ದೆ ಇನ್ನೂ ಬಿಗಿ. ಸೇನೆ ಅಥವಾ ಪೊಲೀಸರ ಸಮವಸ್ತ್ರವನ್ನು ಹೋಲುವ ಉಡುಪು ತೊಟ್ಟರೆ ಒಂದು ವರ್ಷದವರೆಗೂ ಶಿಕ್ಷೆಯುಂಟು.

ಪದಕಗಳ ಮಾತೂ ಹೀಗೆಯೇ. ಸೈನಿಕ ತಾನು ಗಳಿಸಿದ ಪದಕಗಳನ್ನು ಎಡ ಎದೆಯ ಮೇಲೆ ಧರಿಸುತ್ತಾನೆ. ಮಡಿದ ಸೈನಿಕನ ಪದಕಗಳನ್ನು ಹತ್ತಿರದ ಬಂಧುಗಳು ಯುದ್ಧ ಸ್ಮಾರಕಗಳಲ್ಲಿ, ಅಂತ್ಯಕ್ರಿಯೆಗಳಲ್ಲಿ ಧರಿಸಲು ಸೇನೆ 2018ರಲ್ಲಿ ಅನುಮತಿ ನೀಡಿತು. ಆದರೆ ಬಲ ಎದೆಯ ಮೇಲೆ. ಬಲಗಡೆ ಪದಕ ಧರಿಸಿದ ವೃದ್ಧೆಯನ್ನು ಕಂಡು 'ಅಜ್ಜಿಗೆ ತಿಳಿಯದು' ಎಂದು ನಗುವವನಿಗೇ ವಿಷಯ ತಿಳಿದಿಲ್ಲ. ಆ ಪದಕ ಅವರ ಮಗನದಿರಬಹುದು.

ನಿಯಮಗಳು ಹಲವಾದರೂ ಅವುಗಳ ಒಳತಿರುಳು ಒಂದೇ. ಸಮವಸ್ತ್ರವೂ ಸೆಲ್ಯೂಟೂ ಹೊಣೆ ಹೊತ್ತವರ ಗುರುತುಗಳು. ಅವನ್ನು ಎರವಲು ಪಡೆದು ಗೌರವ ತೋರಬೇಕಾಗಿಲ್ಲ. ಮುಂದಿನ ಆಗಸ್ಟ್ 15ರಂದು ಧ್ವಜದೆದುರು ಕೈ ಇಳಿಬಿಟ್ಟು ಅಲುಗದೆ ನಿಂತವರನ್ನು ಕಂಡರೆ ಬೆರಳು ತೋರುವ ಮುನ್ನ ಇದನ್ನು ನೆನೆಯೋಣ. ಅವರು ಮಾಡುತ್ತಿರುವುದೇ ಸರಿ.