ಒಳಗಿವಿಯ ಅಳತೆ

ಕಿವಿಯೆಂದೊಡನೆ ಸಾಮಾನ್ಯರ ಮನಸ್ಸಿಗೆ ಬರುವುದು ತಲೆಯ ಇಕ್ಕೆಲಗಳಲ್ಲಿ ಕಾಣುವ ಹಾಲೆಯಷ್ಟೆ. ಶಬ್ದವು ನರದ ಸಂಜ್ಞೆಯಾಗಿ ಮಾರ್ಪಡುವ ತಾಣ ಬೇರೆಯೇ ಉಂಟು. ಕಣತಲೆಯ ಎಲುಬಿನ ಆಳದಲ್ಲಿ, ದೇಹದ ಅತಿ ಗಟ್ಟಿಯಾದ ಎಲುಬುಗಳ ಸಾಲಿಗೆ ಸೇರಿದ ಕವಚವೊಂದರೊಳಗೆ ಅದು ಹುದುಗಿದೆ. ಸಮತೋಲವನ್ನು ಕಾಯುವ ಮೂರು ಅರ್ಧವೃತ್ತ ನಾಳಗಳು, ಅವುಗಳ ಬುಡದಲ್ಲಿ ಮೊಗಸಾಲೆಯಂತಹ ಪುಟ್ಟ ಅಂಕಣ, ಅದರಾಚೆಗೆ ಎರಡೂವರೆ ಸುತ್ತಿಗಿಂತ ತುಸು ಹೆಚ್ಚಾಗಿ ಸುರುಳಿಗೊಂಡ ಕರ್ಣಶಂಖ: ಇವು ಸೇರಿ ಒಳಗಿವಿ. ಲ್ಯಾಟಿನ್ ನುಡಿಯಲ್ಲಿ ಈ ಶಂಖಕ್ಕಿರುವ ಹೆಸರಿನ ಅರ್ಥ ಬಸವನಹುಳುವಿನ ಚಿಪ್ಪು ಎಂದು. ಇಷ್ಟೆಲ್ಲ ಕೆಲಸ ಮಾಡುವ ಆ ಶಂಖದ ಗಾತ್ರವಾದರೋ ಒಂದು ಕಡಲೆಕಾಳಿನಷ್ಟು.

ಇದನ್ನು ಅಳೆಯುವುದು ಬಹುಕಾಲ ಮೃತರ ಎಲುಬನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ ಸಾಧ್ಯವಿತ್ತು. 1938ರಲ್ಲಿ ಹಾರ್ಡಿ ಎಂಬ ವಿದ್ವಾಂಸರು ಹೀಗೆ ಅಳೆದಾಗ, ಶಂಖದೊಳಗಿನ ಶ್ರವಣಾಂಗದ ಉದ್ದ ಒಬ್ಬರಲ್ಲಿ 25 ಮಿ.ಮೀ. ಇದ್ದರೆ ಮತ್ತೊಬ್ಬರಲ್ಲಿ 35 ಮಿ.ಮೀ. ಇರುವುದು ಕಂಡುಬಂದಿತು. ಮುಖಕ್ಕೆ ಮುಖ ಹೋಲದಂತೆ ಶಂಖಕ್ಕೆ ಶಂಖವೂ ಹೋಲುವುದಿಲ್ಲವೆಂದಾಯಿತು. ಆದರೆ ಬದುಕಿರುವವರ ಶಂಖ ಎಷ್ಟುದ್ದವೆಂದು ತಿಳಿಯುವ ಬಗೆ ಆಗ ಇರಲಿಲ್ಲ.

ಆ ಬಗೆಯನ್ನು ಒದಗಿಸಿದುದು ಸಿ.ಟಿ. ಸ್ಕ್ಯಾನ್. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊತ್ತಮೊದಲು ರೋಗಿಯೊಬ್ಬರ ತಲೆಯನ್ನು ಇದರಿಂದ ಪರೀಕ್ಷಿಸಲಾಯಿತು. ಇದನ್ನು ನಿರ್ಮಿಸಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್, ಹಾಡಿನ ತಟ್ಟೆಗಳಿಗೆ ಹೆಸರಾಗಿದ್ದ ಇ.ಎಂ.ಐ. ಕಂಪನಿಯ ಎಂಜಿನಿಯರು ಎಂಬುದು ಕಿವಿಯ ಮಾತು ಬಂದಾಗ ನೆನೆಯಬಹುದಾದ ಸ್ವಾರಸ್ಯ. 1979ರಲ್ಲಿ ಅವರಿಗೂ ಆಲನ್ ಕಾರ್ಮಾಕರಿಗೂ ನೊಬೆಲ್ ಪಾರಿತೋಷಕ ಸಂದಿತು. ಈ ಯಂತ್ರವು ಕ್ಷ-ಕಿರಣಗಳನ್ನು ಸುತ್ತಲಿಂದಲೂ ಹಾಯಿಸಿ, ದೇಹದ ಒಂದೊಂದು ಕಿರುಘನವೂ ಎಷ್ಟು ಕಿರಣವನ್ನು ತಡೆಯಿತೆಂಬುದನ್ನು ಗಣಕದಿಂದ ಲೆಕ್ಕಹಾಕಿಸುತ್ತದೆ. ನೀರಿಗೆ ಸೊನ್ನೆ, ಗಾಳಿಗೆ ಋಣ 1000. ಎಲುಬಿನ ಸಂಖ್ಯೆ ಇವಕ್ಕಿಂತ ಬಹಳ ಮೇಲೆ. ಒಳಗಿವಿಯಲ್ಲಿ ತುಂಬಿರುವುದು ದ್ರವ, ಸುತ್ತಲಿರುವುದು ಗಟ್ಟಿಯೆಲುಬು. ಆದುದರಿಂದ ಎರಡರ ಗಡಿ ಚಿತ್ರದಲ್ಲಿ ಎದ್ದು ಕಾಣುತ್ತದೆ.

ಸುರುಳಿಯನ್ನು ಬಿಡಿಸಿ ಅಳೆಯುವಂತಿಲ್ಲ. ಆದುದರಿಂದ ಒಂದು ಉಪಾಯ ಹೂಡಲಾಗಿದೆ. ಶಂಖದ ಬುಡದ ಸುತ್ತು ಪೂರ್ಣವಾಗಿ ಕಾಣುವಂತೆ ಚಿತ್ರವನ್ನು ಓರೆಯಾಗಿ ಮರುಜೋಡಿಸಿ, ದುಂಡುಕಿಂಡಿಯಿಂದ ಹೊರಟು ನಡುಗಂಬವನ್ನು ಹಾದು ಎದುರು ಗೋಡೆಗೆ ಒಂದು ಗೆರೆ ಎಳೆಯುತ್ತಾರೆ. ಇದು ಸಾಧಾರಣವಾಗಿ 9 ಮಿ.ಮೀ. ಆಸುಪಾಸು. ಇದನ್ನು 4.16ರಿಂದ ಗುಣಿಸಿ 4 ಕಳೆದರೆ ಶಂಖನಾಳದ ಉದ್ದ ಸುಮಾರಾಗಿ ದೊರೆಯುವುದೆಂಬ ಸೂತ್ರವೊಂದು ಬಳಕೆಯಲ್ಲಿದೆ. 9ಕ್ಕೆ ದೊರೆಯುವ ಉತ್ತರ 33.4 ಮಿ.ಮೀ. ಗಣಿತದ ಉಪಾಧ್ಯಾಯರಿಗೆ ಇಲ್ಲಿಯ ತೊಡಕು ಕೂಡಲೇ ಹೊಳೆದೀತು: ಗೆರೆಯಲ್ಲಿ ಅರ್ಧ ಮಿ.ಮೀ. ತಪ್ಪಿದರೆ ಉತ್ತರದಲ್ಲಿ ಎರಡು ಮಿ.ಮೀ. ತಪ್ಪುತ್ತದೆ. ಸ್ಕ್ಯಾನಿನ ಒಂದೊಂದು ಪದರವೇ ಅರ್ಧ ಮಿ.ಮೀ.ನಷ್ಟು ದಪ್ಪ, ಅರ್ಧ ಎಲುಬು ಅರ್ಧ ದ್ರವ ಇರುವ ಘನವು ಎರಡೂ ಅಲ್ಲದ ಬೂದುಬಣ್ಣವನ್ನು ತಾಳುತ್ತದೆ. ಪರದೆಯ ಬೆಳಕು-ನೆರಳನ್ನು ಬದಲಿಸಿದರೆ ಗಡಿಯೇ ಸರಿದಂತೆ ತೋರುತ್ತದೆ. ಅಳೆಯುವವರು ಇಬ್ಬರಿರಬೇಕೆಂಬುದು, ಒಬ್ಬರ ಅಳತೆ ಇನ್ನೊಬ್ಬರಿಗೆ ತಿಳಿಯಬಾರದೆಂಬುದು ಈ ಕಾರಣದಿಂದಲೇ.

ಇಷ್ಟೊಂದು ನಿಷ್ಕರ್ಷೆ ಏತಕ್ಕೆ? ಹುಟ್ಟುಕಿವುಡಾದ ಮಗುವಿಗೆ ಶಂಖದೊಳಗೆ ತಂತಿಯನ್ನು ಸೇರಿಸಿ ನರವನ್ನು ವಿದ್ಯುತ್ತಿನಿಂದ ಎಚ್ಚರಿಸುವ ಚಿಕಿತ್ಸೆಗಾಗಿ. 1978ರಲ್ಲಿ ಮೆಲ್ಬರ್ನಿನಲ್ಲಿ ಗ್ರೇಮ್ ಕ್ಲಾರ್ಕ್ ಬಹುತಂತುಗಳ ಇಂತಹ ಸಾಧನವನ್ನು ಅಳವಡಿಸಿದರು. ತಾರಸ್ವರಕ್ಕೆ ಶಂಖದ ಬುಡ, ಮಂದ್ರಸ್ವರಕ್ಕೆ ತುದಿ ಸ್ಪಂದಿಸುತ್ತದೆ. ತಂತಿ ಗಿಡ್ಡವಾದರೆ ಮಂದ್ರಸ್ವರದ ಭಾಗವನ್ನು ಮುಟ್ಟದು. ಮಿತಿಮೀರಿ ಉದ್ದವಾದರೆ ಒಳಗಿನ ನವುರಾದ ಪೊರೆಯನ್ನು ಹರಿದೀತು. ಶಂಖವು ಹುಟ್ಟುವಾಗಲೇ ಪೂರ್ಣ ಗಾತ್ರ ಪಡೆದಿರುವುದರಿಂದ, ಒಂದು ವರ್ಷದ ಕೂಸಿಗೆ ಹಾಕಿದ ತಂತಿ ಬೆಳೆದ ಮೇಲೆ ಗಿಡ್ಡವಾಗುವ ಭಯವಿಲ್ಲ. ಶ್ರವಣನರ ಹಾದುಬರುವ ಕಾಲುವೆಯನ್ನೂ ಅಳೆಯುತ್ತಾರೆ, ಅದು 1.5 ಮಿ.ಮೀ.ಗಿಂತ ಕಿರಿದಾಗಿದ್ದರೆ ನರ ಕೃಶವಾಗಿರುವ ಶಂಕೆ ಮೂಡುತ್ತದೆ. ನರವನ್ನೇ ತೋರಿಸಲು ಸಿ.ಟಿ.ಗೆ ಸಾಧ್ಯವಿಲ್ಲ, ಅದಕ್ಕೆ ಎಂ.ಆರ್.ಐ. ಬೇಕು.

ಶಾಲೆಗಳಿಗೆ ಹತ್ತಿರದ ಅಳತೆ ಇನ್ನೊಂದಿದೆ. ಮೊಗಸಾಲೆಯಿಂದ ಹಿಂದಕ್ಕೆ ಸಾಗುವ ತೆಳ್ಳನೆಯ ಎಲುಬುಗಾಲುವೆಯ ನಡುಭಾಗ 1.5 ಮಿ.ಮೀ.ಗಿಂತ ಅಗಲವಾಗಿದ್ದರೆ ಅದು ದೋಷವೆಂದು ವಾಲ್ವಸೋರಿ ಮತ್ತು ಕ್ಲೆಮಿಸ್ 1978ರಲ್ಲಿ ವಿವರಿಸಿದರು. ಇಂತಹ ಮಗು ಮೊದಲು ಕೇಳುತ್ತಲೂ ಮಾತಾಡುತ್ತಲೂ ಇರಬಹುದು. ತಲೆಗೆ ಸಣ್ಣ ಪೆಟ್ಟು ಬಿದ್ದ ತರುವಾಯ ಕೆಲವರಲ್ಲಿ ಶ್ರವಣ ಥಟ್ಟನೆ ಇಳಿಯುತ್ತದೆ. ತರಗತಿಯಲ್ಲಿ ಅದು ಅಲಕ್ಷ್ಯವೆಂದೋ ಹಟವೆಂದೋ ಕಾಣುತ್ತದೆ, ಶಿಕ್ಷೆಗೂ ಗುರಿಯಾಗುತ್ತದೆ. ದೋಷ ಅಳತೆಯಲ್ಲಿ ಗೊತ್ತಾದ ಮಕ್ಕಳಿಗೆ ತಲೆಗೆ ಪೆಟ್ಟಾಗುವಂತಹ ಆಟಗಳಿಂದ ದೂರವಿರುವಂತೆ ವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ. ಕಬಡ್ಡಿಯ ಅಂಕಣಕ್ಕೆ ಇಳಿಸುವ ಮೊದಲು ಆ ಚೀಟಿಯನ್ನು ವ್ಯಾಯಾಮದ ಉಪಾಧ್ಯಾಯರೂ ಓದಿರಬೇಕಾಗುತ್ತದೆ.